ಸೊಂಟನೋವೆಲ್ಲ ಡಿಸ್ಕಿನದಲ್ಲ: ದೊಡ್ಡವರ ‘ಟೆದರ್ಡ್ ಕಾರ್ಡ್’ ಪತ್ತೆ ಹೇಗೆ?

ಗೂಟಕ್ಕೆ ಕಟ್ಟಿದ ಕರು ಹಗ್ಗದ ಉದ್ದಕ್ಕೆ ಆರಾಮಾಗಿ ಮೇಯುತ್ತದೆ. ಒಂದು ಹೆಜ್ಜೆ ಆಚೆ ಇಟ್ಟರೆ ಕುತ್ತಿಗೆ ಬಿಗಿಯುತ್ತದೆ. ಡಾಕ್ಟರು ಟೆದರ್ಡ್ ಕಾರ್ಡ್ ಎನ್ನುವ ಕಾಯಿಲೆಯಲ್ಲಿ ಬೆನ್ನುಹುರಿಯ ಪಾಡೂ ಹೀಗೆಯೇ. ಹುರಿ ಸಾಮಾನ್ಯವಾಗಿ ಸೊಂಟದ ಮೊದಲ ಎರಡು ಮೂಳೆಗಳ (ಎಲ್ 1, ಎಲ್ 2) ಹತ್ತಿರ ಮುಗಿಯುತ್ತದೆ. ಅದರ ತುದಿಯಿಂದ ಕೆಳಕ್ಕೆ ಫೈಲಮ್ ಎಂಬ ತೆಳು ಎಳೆ ಇಳಿಯುತ್ತದೆ. ಆ ಎಳೆ ದಪ್ಪವಾಗಿ ಬಿಗಿದಿದ್ದರೆ, ಕೊಬ್ಬಿನ ಗಂಟು ಅಂಟಿಕೊಂಡಿದ್ದರೆ ಅಥವಾ ತಾನು ಮಗುವಾಗಿದ್ದಾಗ ಆದ ಬೆನ್ನಿನ ಆಪರೇಷನ್ನಿನ ಕಲೆ ಹಿಡಿದೆಳೆದರೆ, ಬಗ್ಗಿದಾಗಲೆಲ್ಲ ಹುರಿ ಜಗ್ಗುತ್ತದೆ, ಅದಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಹುಟ್ಟಿನಿಂದ ಇದ್ದ ಬಿಗಿತ ಮೂವತ್ತು ನಲವತ್ತರ ವಯಸ್ಸಿನಲ್ಲಿ ತಲೆ ಎತ್ತುವುದೂ ಉಂಟು. ಜಾರಿ ಬಿದ್ದದ್ದು, ಭಾರದ ಮೂಟೆ ಎತ್ತಿದ್ದು, ಹೆರಿಗೆಯಲ್ಲಿ ಕಾಲು ಮಡಚಿ ಮಲಗಿದ್ದು ನೆಪವಾಗುತ್ತದೆ.

ಮೊದಲು ಮನೆಯಲ್ಲೇ ಗಮನಿಸಿ

ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ನೋವು ಹೆಚ್ಚಾಗಿ ಒಂದೇ ಕಾಲಿನಲ್ಲಿ, ಒಂದೇ ಗೆರೆಯಲ್ಲಿ ಇಳಿಯುತ್ತದೆ. ಇಲ್ಲಿ ನೋವು ಎರಡೂ ಕಾಲಿಗೆ, ತೊಡೆಸಂದಿಗೆ, ಗುದದ ಸುತ್ತ ಹರಡಬಹುದು. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂತಾಗ, ಸಿಂಕಿನ ಮುಂದೆ ಅರ್ಧ ಬಗ್ಗಿ ನಿಂತಾಗ, ಮಗುವನ್ನು ಸೊಂಟಕ್ಕೆ ಏರಿಸಿಕೊಂಡಾಗ ಜಾಸ್ತಿಯಾಗುತ್ತದೆಯೇ ನೋಡಿ. ನಾಟಿ ಮಾಡುವಾಗ, ಉದುರಿದ ಕಾಫಿ ಹಣ್ಣು ಆಯುವಾಗ ಇಡೀ ದಿನ ಇರುವುದೂ ಇದೇ ಭಂಗಿ. ಹಾಗಾಗಿ ‘ತೋಟದ ಕೆಲಸದ ನೋವು’ ಎಂದು ಬದಿಗಿಡುವುದು ಸುಲಭ.

ಬೆನ್ನ ಬುಡವನ್ನು ಮನೆಯವರಿಂದ ನೋಡಿಸಿ. ಕೂದಲ ಗುಚ್ಛ, ಸೊಂಟದ ಮಟ್ಟದಲ್ಲಿ ಗುಳಿ, ಮೆತ್ತನೆಯ ಗಂಟು, ಕೆಂಪು ಮಚ್ಚೆ ಇದ್ದರೆ ಮುಖ್ಯ ಸುಳಿವು. ಒಂದು ಪಾದ ಚಿಕ್ಕದಿದೆಯೇ, ಅಂಗಾಲಿನ ಕಮಾನು ವಿಪರೀತ ಎತ್ತರವಿದೆಯೇ, ಒಂದೇ ಚಪ್ಪಲಿ ಬೇಗ ಸವೆಯುತ್ತದೆಯೇ?

ಹುರಿ ಜಗ್ಗಿದರೆ ಮೂತ್ರದ ಹಿಡಿತವೂ ತಪ್ಪಬಹುದು. ಆ ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ; ಹೆಂಗಸರು ಹೆರಿಗೆಯ ಮೇಲೆ, ಗಂಡಸರು ಸಕ್ಕರೆಯ ಮೇಲೆ ಹಾಕಿ ಸುಮ್ಮನಾಗುತ್ತಾರೆ. ಮೂರು ದಿನ ಅಳತೆಯ ಮಗ್‌ನಲ್ಲಿ ಹಿಡಿದು ಹೊತ್ತು, ಮಿಲಿ, ಸೋರಿದ್ದು, ತಿಣುಕಿದ್ದು ಬರೆದಿಡಿ. ಡಾಕ್ಟರಿಗೆ ಆ ಒಂದು ಹಾಳೆ ಬಾಯಿಮಾತಿಗಿಂತ ಹೆಚ್ಚು ಹೇಳುತ್ತದೆ. ಮೂತ್ರ ಪೂರ್ತಿ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ, ಕಾಲಿನ ಶಕ್ತಿ ದಿಢೀರನೆ ಕುಂದಿದರೆ ಬರೆಯುತ್ತ ಕೂರಬೇಡಿ. ಅದೇ ರಾತ್ರಿ ಆಸ್ಪತ್ರೆಗೆ ಹೊರಡಬೇಕು.

ಪರೀಕ್ಷೆಗಳು

ಎಕ್ಸ್‌ರೇಯಲ್ಲಿ ‘ಸ್ಪೈನಾ ಬೈಫಿಡಾ ಅಕಲ್ಟಾ’ (ಬೆನ್ನುಮೂಳೆಯ ಹಿಂಬದಿ ಪೂರ್ತಿ ಕೂಡಿಲ್ಲ) ಎಂದು ಬಂದರೆ ಹೆದರಬೇಕಿಲ್ಲ, ಅದು ಎಷ್ಟೋ ಆರೋಗ್ಯವಂತರಲ್ಲೂ ಇರುತ್ತದೆ. ನಿರ್ಣಾಯಕವಾದದ್ದು ಎಂಆರ್‌ಐ. ವರದಿಯಲ್ಲಿ ‘ಡಿಸ್ಕ್ ಬಲ್ಜ್’ (ಡಿಸ್ಕ್ ಉಬ್ಬಿದೆ) ಎಂಬ ಸಾಲು ಓದಿ ಮಡಚಿಡಬೇಡಿ. ‘ಕೋನಸ್’ ಅಂದರೆ ಹುರಿಯ ತುದಿ ಎಲ್ಲಿದೆ, ಫೈಲಮ್ 2 ಮಿಲಿಮೀಟರಿಗಿಂತ ದಪ್ಪವಿದೆಯೇ, ಅದರಲ್ಲಿ ಕೊಬ್ಬಿದೆಯೇ ಎಂದು ಹುಡುಕಿ. ಕೋನಸ್ ಎಲ್ 2ಕ್ಕಿಂತ ಕೆಳಗಿದ್ದರೆ ಅನುಮಾನ ಗಟ್ಟಿ. ಸರಿಯಾದ ಜಾಗದಲ್ಲೇ ಇದ್ದೂ ಬಿಗಿದಿರುವ ಪ್ರಕರಣಗಳೂ ಇವೆ, ಆಗ ಲಕ್ಷಣಗಳದೇ ಮೇಲುಗೈ. ಸ್ಕ್ಯಾನ್ ಬಾಲಮೂಳೆಯವರೆಗೆ ಇರಬೇಕು. ಕೊಬ್ಬು ಬೆಳ್ಳಗೆ ಕಾಣುವ ಟಿ 1 ಚಿತ್ರಗಳು ಬೇಕೇಬೇಕು.

ಜೊತೆಗೆ ಮೂತ್ರ ಮಾಡಿದ ಮೇಲೆ ಮೂತ್ರಚೀಲದಲ್ಲಿ ಎಷ್ಟು ಉಳಿಯಿತೆಂದು ಅಲ್ಟ್ರಾಸೌಂಡ್. ಪದೇ ಪದೇ 100 ಮಿಲಿ ದಾಟಿದರೆ ಯುರೋಡೈನಾಮಿಕ್ಸ್ (ಮೂತ್ರಚೀಲ ಹೇಗೆ ಕೆಲಸ ಮಾಡುತ್ತಿದೆ ಎಂದು ಅಳೆಯುವ ಪರೀಕ್ಷೆ) ಮಾಡಿಸುತ್ತಾರೆ. ಹಾಸನ, ಚಿಕ್ಕಮಗಳೂರಿನವರು ಜಿಲ್ಲೆಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮೊದಲು ತೋರಿಸಿ, ಬೆಂಗಳೂರಿನ ನಿಮ್ಹಾನ್ಸ್‌ನಂಥ ನರಶಸ್ತ್ರಚಿಕಿತ್ಸಾ ಕೇಂದ್ರಕ್ಕೆ ರೆಫರಲ್ ಚೀಟಿ ಪಡೆಯುವುದು ಒಳ್ಳೆಯದು. ಹೊರಡುವಾಗ ಫಿಲ್ಮಿನ ಜೊತೆ ಸ್ಕ್ಯಾನಿನ ಸಿಡಿಯೂ ಬ್ಯಾಗಿನಲ್ಲಿರಲಿ.

ಅಲ್ಲಿಯವರೆಗೆ ಸೊಂಟಕ್ಕೆ ಟ್ರ್ಯಾಕ್ಷನ್ (ಭಾರ ಕಟ್ಟಿ ಎಳೆಯುವುದು), ಉಳುಕು ತೆಗೆಸುವುದು, ಪಶ್ಚಿಮೋತ್ತಾನಾಸನ ಬೇಡ. ಜಗ್ಗುತ್ತಿರುವ ಹಗ್ಗವನ್ನು ಮತ್ತೆ ಜಗ್ಗಿದಂತೆ! ಸಿಸೇರಿಯನ್ನೋ ಹರ್ನಿಯಾವೋ ಎದುರಿಗಿದ್ದರೆ ಬೆನ್ನಿನ ಗುಳಿಯನ್ನು ಅರಿವಳಿಕೆ ಡಾಕ್ಟರಿಗೆ ತೋರಿಸಲೇಬೇಕು. ಬೆನ್ನಿಗೆ ಸೂಜಿ ಚುಚ್ಚುವುದು ಎಲ್ 3, ಎಲ್ 4ರ ಆಸುಪಾಸಿನಲ್ಲಿ. ಇಂಥವರಲ್ಲಿ ಹುರಿ ಅಲ್ಲೇ ಇರಬಹುದು.

ಆಪರೇಷನ್

ಲಕ್ಷಣ ಹೆಚ್ಚುತ್ತಿದ್ದರೆ ಬಿಡಿಸುವುದೇ ದಾರಿ. ಬೋರಲು ಮಲಗಿಸಿ, ಮೂಳೆ ಸ್ವಲ್ಪ ತೆಗೆದು, ಸೂಕ್ಷ್ಮದರ್ಶಕದಡಿ ಹುರಿಯ ಹೊರಗಿನ ಡ್ಯೂರಾ ಪೊರೆ ತೆರೆಯುತ್ತಾರೆ. ಫೈಲಮ್‌ಗೆ ಸಣ್ಣ ವಿದ್ಯುತ್ ಕೊಟ್ಟು, ಕಾಲಾಗಲಿ ಗುದದ ಸ್ನಾಯುವಾಗಲಿ ಅಲುಗುವುದಿಲ್ಲ ಎಂದು ಖಚಿತವಾದ ಮೇಲೇ ಕತ್ತರಿಸುವುದು. ಅಲುಗಿದರೆ ಅದಕ್ಕೆ ನರ ಅಂಟಿದೆ ಎಂದರ್ಥ. ಈ ನರ ನಿಗಾ ವ್ಯವಸ್ಥೆ ಇದೆಯೇ ಎಂದು ಮೊದಲೇ ಕೇಳಿ. ಕೊಬ್ಬಿನ ಗಂಟಿದ್ದರೆ ಕೆಲಸ ಜಟಿಲ, ಅಪಾಯವೂ ಹೆಚ್ಚು.

ಏನು ನಿರೀಕ್ಷಿಸಬಹುದು? ನೋವು ಬಹುಪಾಲು ಮಂದಿಗೆ ಇಳಿಯುತ್ತದೆ. ಕಾಲಿನ ಶಕ್ತಿ ಅಷ್ಟು ಖಾತ್ರಿಯಲ್ಲ. ವರ್ಷಗಟ್ಟಲೆ ಕೆಟ್ಟ ಮೂತ್ರಚೀಲ ಮರಳುವುದು ಇನ್ನೂ ಕಷ್ಟ, ತಡಮಾಡಬಾರದು ಎನ್ನುವುದು ಅದಕ್ಕೇ.

ಆಪರೇಷನ್ ಬಳಿಕ ಒಂದೆರಡು ದಿನ ಚಪ್ಪಟೆ ಮಲಗಿಸುತ್ತಾರೆ, ಹುರಿಯ ಸುತ್ತಲಿನ ನೀರು ಹೊಲಿಗೆಯಿಂದ ಸೋರದಿರಲೆಂದು. ಡ್ರೆಸ್ಸಿಂಗ್ ತಿಳಿನೀರಿನಿಂದ ಒದ್ದೆಯಾದರೆ, ಎದ್ದು ಕೂತಾಗ ತಲೆ ಸಿಡಿದು ಮಲಗಿದಾಗ ತಗ್ಗಿದರೆ, ಜ್ವರದ ಜೊತೆ ಕತ್ತು ಬಿಗಿದರೆ ತಕ್ಷಣ ತಿಳಿಸಿ. ಮಂಗಳೂರಿನಲ್ಲಿ ಮಾಡಿಸಿದವರು ಚಾರ್ಮಾಡಿ, ಶಿರಾಡಿ ಹತ್ತುವಾಗ ಕಾರಿನ ಸೀಟು ಒರಗಿಸಿಕೊಂಡು, ನಡುನಡುವೆ ನಿಲ್ಲಿಸಿಕೊಂಡು ಬನ್ನಿ. ಭಾರ ಎತ್ತುವುದು ಡಾಕ್ಟರು ಒಪ್ಪುವವರೆಗೆ ಬೇಡ, ಸಾಮಾನ್ಯವಾಗಿ 6ರಿಂದ 12 ವಾರ.

ಮೂತ್ರ ಪೂರ್ತಿ ಖಾಲಿಯಾಗದವರು 4ರಿಂದ 6 ಗಂಟೆಗೊಮ್ಮೆ ತಾವೇ ಮೂತ್ರನಾಳಕ್ಕೆ ತೆಳು ಕ್ಯಾಥೆಟರ್ (ಕೊಳವೆ) ಹಾಕಿ ತೆಗೆಯುವುದನ್ನು ಕಲಿಯಬೇಕು. ಸೋಪಿನಲ್ಲಿ ಕೈ ತೊಳೆದು, ಜೆಲ್ ಹಚ್ಚಿ, ಒತ್ತಾಯಿಸದೆ ಒಳಬಿಡಬೇಕು. ಒಂದು ಸಲಕ್ಕೆ 500 ಮಿಲಿ ಮೀರಿ ಬರುತ್ತಿದ್ದರೆ ಅಂತರ ಕಡಿಮೆ ಮಾಡಿ. ನೀರು ಕುಡಿಯುವುದನ್ನು ನಿಲ್ಲಿಸುವುದು ಉಪಾಯವಲ್ಲ, ಹಾಗೆ ಮಾಡಿದವರಿಗೇ ಸೋಂಕು ಬೇಗ ಬರುತ್ತದೆ.