ಹಳೇ ಟೆಲಿ ಜೂಮ್, ಹೊಸ ಟೆಲಿ ಜೂಮ್: ಹೋಲಿಸಿ ನೋಡುವುದು ಹೇಗೆ?

ಕ್ಯಾನನ್‌ನ 100-400 ಎಂಎಂ ಟೆಲಿ ಜೂಮ್, ಅಂದರೆ ದೂರದ್ದನ್ನು ಹತ್ತಿರ ತೋರಿಸುವ ಲೆನ್ಸ್, ಹಕ್ಕಿ ಫೋಟೊ ತೆಗೆಯುವವರಿಗೆಲ್ಲ ಗೊತ್ತು. ಮೊದಲನೆಯದು 1998ರಲ್ಲಿ ಬಂತು, ಎರಡನೆಯದು 2014ರಲ್ಲಿ. ಹಳೆಯದನ್ನು ಹಿಂದೆ ಮುಂದೆ ಎಳೆದು ಜೂಮ್ ಮಾಡಬೇಕು, ಹೊಸದರಲ್ಲಿ ರಿಂಗ್ ತಿರುಗಿಸಿದರೆ ಆಯ್ತು. ಆದರೆ ಫೋಟೊದಲ್ಲಿ ಎಷ್ಟು ವ್ಯತ್ಯಾಸ? ಎರಡೂ ಕೈಗೆ ಸಿಕ್ಕರೆ ನೀವೇ ನೋಡಿಬಿಡಿ.

ಮೊದಲು ಶಾರ್ಪ್‌ನೆಸ್. ಒಂದೇ ಕ್ಯಾಮೆರಾ ಬಾಡಿ, ಗಟ್ಟಿ ಟ್ರೈಪಾಡ್, ಸಣ್ಣ ಅಕ್ಷರ ತುಂಬಿದ ಒಂದು ಹಾಳೆ ಸಾಕು. ಹಾಳೆ ಲೆನ್ಸ್‌ಗೆ ನೇರವಾಗಿರಲಿ. ಸ್ಟೆಬಿಲೈಸೇಶನ್ (ಕೈ ನಡುಕವನ್ನು ಸರಿದೂಗಿಸುವ ವ್ಯವಸ್ಥೆ) ಆಫ್ ಮಾಡಿ. ಹಳೇ ಲೆನ್ಸ್‌ಗೆ ತಾನು ಟ್ರೈಪಾಡ್ ಮೇಲಿದ್ದೇನೆ ಅನ್ನೋದು ಗೊತ್ತಾಗಲ್ಲ, ಆನ್ ಇಟ್ಟರೆ ಸ್ಟೆಬಿಲೈಸೇಶನ್ನೇ ಚಿತ್ರವನ್ನು ಅಲುಗಿಸಬಹುದು. ಲೈವ್ ವ್ಯೂನಲ್ಲಿ (ಕ್ಯಾಮೆರಾದ ಹಿಂದಿನ ಪರದೆಯಲ್ಲಿ) ಹತ್ತು ಪಟ್ಟು ಹಿಗ್ಗಿಸಿ ಕೈಯಿಂದಲೇ ಫೋಕಸ್ ಮಾಡಿ, ಟೈಮರ್ ಹಾಕಿ. ಜೂಮನ್ನು 400ರಲ್ಲಿಟ್ಟು ಒಮ್ಮೆ ಎಫ್/5.6, ಒಮ್ಮೆ ಎಫ್/8ರಲ್ಲಿ ತೆಗೆಯಿರಿ (ಎಫ್ ಅಂಕಿ ದೊಡ್ಡದಾದಷ್ಟೂ ಬೆಳಕು ಬರುವ ಕಿಂಡಿ ಚಿಕ್ಕದು). ಪ್ರತಿ ಸಲ ಫೋಕಸ್ ಕೆಡಿಸಿ ಹೊಸದಾಗಿ ಮಾಡಿ, ಮೂರ್ನಾಲ್ಕು ಫೋಟೊಗಳಲ್ಲಿ ಚೆನ್ನಾಗಿರೋದನ್ನು ಇಟ್ಟುಕೊಳ್ಳಿ, ಇಲ್ಲದಿದ್ದರೆ ನೀವು ಹೋಲಿಸುತ್ತಿರೋದು ಲೆನ್ಸನ್ನಲ್ಲ, ನಿಮ್ಮ ಫೋಕಸನ್ನು.

ನಾಲ್ಕು ಮೂಲೆಗಳನ್ನೂ ನೋಡಿ. ಮೂರು ಚೆನ್ನಾಗಿದ್ದು ಒಂದು ಮಾತ್ರ ಮಸುಕಾಗಿದ್ದರೆ, ಹಾಳೆಯೂ ನೇರವಾಗಿದ್ದರೆ, ಒಳಗಿನ ಗಾಜು ಸ್ವಲ್ಪ ಸರಿದಿರಬಹುದು. ಅದು ಆ ಒಂದು ಲೆನ್ಸಿನ ದೋಷ, ಇಡೀ ಮಾಡೆಲ್‌ನದ್ದಲ್ಲ. ಮುಂದಿರುವ ಫಿಲ್ಟರ್ ತೆಗೆದೇ ಟೆಸ್ಟ್ ಮಾಡಿ.

ಇನ್ನು ದಯವಿಟ್ಟು ಉರಿಬಿಸಿಲಲ್ಲಿ ದೂರದ ಕಟ್ಟಡ ತೆಗೆದು ತೀರ್ಪು ಕೊಡಬೇಡಿ! ಕಾದ ನೆಲದಿಂದ ಏಳುವ ಬಿಸಿಗಾಳಿ ಬೆಳಕನ್ನು ಅಡ್ಡಾದಿಡ್ಡಿ ಬಾಗಿಸುತ್ತದೆ, ಎಂಥ ಲೆನ್ಸ್ ಇದ್ದರೂ ಅಂಚುಗಳು ಕಲಸಿಹೋಗುತ್ತವೆ. ಒಳ್ಳೆಯ ಲೆನ್ಸ್‌ಗಳು ಇದೇ ಕಾರಣಕ್ಕೆ ಸುಮ್ನೆ ಬೈಸಿಕೊಳ್ಳುತ್ತವೆ. ಬೆಳಗ್ಗೆ ಬೇಗ ಹೋಗಿ, ಇಲ್ಲವೇ ಹತ್ತಿರದ ವಸ್ತು ತೆಗೆಯಿರಿ.

ಆಮೇಲೆ ಟ್ರೈಪಾಡ್ ಬಿಟ್ಟು ಕೈಯಲ್ಲಿ ಹಿಡಿಯಿರಿ. ಹಳೆಯದರ ಸ್ಟೆಬಿಲೈಸೇಶನ್ ಸುಮಾರು 2 ಸ್ಟಾಪ್, ಹೊಸದರದ್ದು 4 ಅಂತ ಕಂಪನಿ ಹೇಳುತ್ತದೆ. ಒಂದು ಸ್ಟಾಪ್ ಅಂದರೆ ಶಟರ್ ಎರಡು ಪಟ್ಟು ಹೊತ್ತು ತೆರೆದಿದ್ದರೂ ಚಿತ್ರ ಅಲುಗದು ಅಂತ. ಅಂದರೆ 1/400 ಸೆಕೆಂಡ್ ಬೇಕಿದ್ದ ಕಡೆ ಹಳೆಯದರಲ್ಲಿ 1/100, ಹೊಸದರಲ್ಲಿ 1/25ರವರೆಗೂ ಪ್ರಯತ್ನಿಸಬಹುದು. ಎರಡರಲ್ಲೂ ಹತ್ತತ್ತು ಫೋಟೊ ತೆಗೆದು ಎಷ್ಟು ಶಾರ್ಪ್ ಬಂದವು ಎಣಿಸಿ. ಕೂತ ಹಕ್ಕಿಗೆ ಇದು ವರ. ಹಾರುವ ಹಕ್ಕಿಗೆ ಶಟರ್ ಸ್ಪೀಡೇ ಬೇಕು, ಅಲ್ಲಿ ಈ ಲಾಭ ಜಾಸ್ತಿ ಸಿಗಲ್ಲ.

ಹತ್ತಿರದ ಫೋಕಸ್‌ನಲ್ಲಿ ಹೊಸದು ಸಲೀಸಾಗಿ ಗೆಲ್ಲುತ್ತದೆ: ಹಳೆಯದಕ್ಕೆ 1.8 ಮೀಟರ್ ದೂರ ಬೇಕು, ಹೊಸದಕ್ಕೆ 0.98 ಸಾಕು. ಚಿಟ್ಟೆ ತೆಗೆಯುವವರು ಇದೊಂದಕ್ಕೇ ಹೊಸದು ಕೊಂಡರೂ ತಪ್ಪಿಲ್ಲ. ಆದರೆ ಬೇರೆ ಲೆನ್ಸ್‌ಗಳಲ್ಲಿ ದೂರದ ಅಂಕಿ ಮಾತ್ರ ನೋಡಬೇಡಿ. ನಿಕಾನ್‌ನ 2009ರ 70-200 ಎಫ್/2.8 ಅನ್ನು 200ರಲ್ಲಿಟ್ಟು ತೀರಾ ಹತ್ತಿರಕ್ಕೆ ಫೋಕಸ್ ಮಾಡಿದರೆ ಸುಮಾರು 135 ಎಂಎಂ ಲೆನ್ಸಿನಷ್ಟೇ ದೊಡ್ಡದಾಗಿ ಕಾಣುತ್ತದೆ. 2016ರ ಆವೃತ್ತಿಯಲ್ಲಿ ಅದನ್ನು ಬಹುಮಟ್ಟಿಗೆ ಸರಿಪಡಿಸಿದರು. ಹಾಗಾಗಿ ಒಂದು ಸ್ಕೇಲ್ ಇಟ್ಟು, ಚೌಕಟ್ಟಿನಲ್ಲಿ ಎಷ್ಟು ಸೆಂಟಿಮೀಟರ್ ಹಿಡಿಸುತ್ತದೆ ನೋಡಿ.

ನನ್ನನ್ನು ಕೇಳಿದರೆ, ಒಳ್ಳೆ ಬೆಳಕಲ್ಲಿ ಎಫ್/8ರಲ್ಲೇ ಜಾಸ್ತಿ ತೆಗೆಯುವವರಿಗೆ ಸುಸ್ಥಿತಿಯಲ್ಲಿರುವ ಹಳೆಯದು ಸಾಕು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಮಾತ್ರ ಹಿಂದಿನಿಂದ ಟಾರ್ಚ್ ಬಿಟ್ಟು ಒಳಗಿನ ಗಾಜು ನೋಡಿ, ಪೂರ್ತಿ ಎಳೆದು ತಳ್ಳಿ ಎಲ್ಲಾದರೂ ಹಿಡಿಯುತ್ತಾ ಪರೀಕ್ಷಿಸಿ, ಬಿಡಿಭಾಗ ಇನ್ನೂ ಸಿಗುತ್ತಾ ವಿಚಾರಿಸಿ. ಜೇಡರ ಬಲೆಯಂಥ ಫಂಗಸ್ ಕಂಡರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.