ರಂಗೋಲಿ ಗೆರೆ, ಹಳೇ ವೇಲು, ಅವರೆಕಾಳು

ನಮ್ಮ ಅಂಗನವಾಡಿ ಇರುವುದು ಮಂಡ್ಯ ಕಡೆಯ ಒಂದು ಹಳ್ಳಿಯಲ್ಲಿ. ಒಂದೇ ಕೋಣೆ, ಮುಂದೆ ಸಿಮೆಂಟಿನ ಜಗುಲಿ, ಅಂಗಳದಲ್ಲಿ ಒಂದು ಹೊಂಗೆ ಮರ. 3ರಿಂದ 6 ವರ್ಷದ 22 ಮಕ್ಕಳು. ಆಟದ ಸಾಮಾನು ಅಂತ ಹೇಳಿಕೊಳ್ಳುವಂಥದ್ದು ಜಾಸ್ತಿ ಏನಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಮಾಡಿಸುತ್ತಿದ್ದದ್ದು ಡ್ರಿಲ್. ಸಾಲಾಗಿ ನಿಲ್ಲಿಸಿ ಕೈ ಮೇಲೆ, ಕೈ ಕೆಳಗೆ, ಒಂದು, ಎರಡು. ನೋಡುವುದಕ್ಕೆ ಚೆಂದ ಇರುತ್ತಿತ್ತು. ಬಂದವರೂ ಹೊಗಳಿ ಹೋಗುತ್ತಿದ್ದರು. ಆದರೆ ಅದೇ ಮಕ್ಕಳು ಜಗುಲಿ ಇಳಿಯುವಾಗ ಗೋಡೆ ತಡಕುತ್ತಿದ್ದರು. ಓಡುತ್ತಾ ತಿರುಗಬೇಕಾದರೆ ದಬ್ಬನೆ ಬೀಳುತ್ತಿದ್ದರು. ಡ್ರಿಲ್ ನನಗೆ ಸುಲಭ ಇತ್ತು, ಅಷ್ಟೇ.

ನನ್ನ ಕಣ್ಣು ತೆರೆಸಿದ್ದು ಒಂದು ರಬ್ಬರ್ ಚೆಂಡು. 4 ವರ್ಷದ ಹುಡುಗನೊಬ್ಬನಿಗೆ ಎಸೆದು "ಹಿಡಿ, ಹಿಡಿ" ಅಂದೆ. ಅವನು ಎರಡೂ ಕೈ ಕೋಲಿನ ಹಾಗೆ ಚಾಚಿಕೊಂಡು ನಿಂತಿದ್ದ. ಚೆಂಡು ಕೈಗಳ ನಡುವೆ ನುಸುಳಿ ಮೂಗಿಗೆ ಬಡಿಯಿತು. ರಕ್ತ ಬಂತು. ಮೂಗು ಎರಡು ದಿನದಲ್ಲಿ ಸರಿಹೋಯಿತು. ಹೆದರಿಕೆ ಹೋಗಲು ಮೂರು ತಿಂಗಳು ಹಿಡಿಯಿತು. ಅಲ್ಲಿಯವರೆಗೂ ಯಾರು ಏನು ಎಸೆದರೂ ಕಣ್ಣು ಮುಚ್ಚಿ ಮುಖ ತಿರುಗಿಸುತ್ತಿದ್ದ. ತಪ್ಪು ನನ್ನದು. ಆ ವಯಸ್ಸಿನಲ್ಲಿ ಕಣ್ಣು ನೋಡಿದ್ದು ಕೈಗೆ ತಲುಪುವಷ್ಟರಲ್ಲಿ ಚೆಂಡು ಬಂದೇ ಬಿಟ್ಟಿರುತ್ತದೆ. ನಾನು ನೂರು ಸಲ ಕೂಗಿದರೂ ಮಗುವಿನ ಕೈ ಚುರುಕಾಗುವುದಿಲ್ಲ. ಚೆಂಡೇ ನಿಧಾನ ಆಗಬೇಕು.

ಬಲೂನು ತಂದೆ. ಅದು ನಿಧಾನವಾಗಿಯೇ ಬರುತ್ತದೆ, ಆದರೆ ಒಡೆದರೆ ಚಿಕ್ಕವರು ಅಳುತ್ತಾರೆ. ಒಡೆದ ಚೂರು ಬಾಯಿಗೆ ಹೋದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಅನ್ನುವ ಭಯ ಬೇರೆ. ಅದನ್ನು ಬಿಟ್ಟು ನನ್ನ ಹಳೇ ಚೂಡಿದಾರದ ತೆಳು ವೇಲನ್ನು ಕತ್ತರಿಸಿ ಕರ್ಚೀಫಿನಷ್ಟು ತುಂಡು ಮಾಡಿದೆ. ಮೇಲಕ್ಕೆ ಎಸೆದರೆ ತೇಲಿಕೊಂಡು ಇಳಿಯುತ್ತದೆ. ಮಗುವಿಗೆ ನೋಡಲು, ಓಡಲು, ಕೈ ಚಾಚಲು ಟೈಮ್ ಸಿಗುತ್ತದೆ. ಮೂಗಿಗೆ ಬಿದ್ದರೆ ನಗು ಬರುತ್ತದೆ. ಅದಾದ ಮೇಲೆ ಕಾಲುಚೀಲದಲ್ಲಿ ಬಟ್ಟೆ ತುರುಕಿ ಮಾಡಿದ ಚೆಂಡು. ಮೊದಲು ನೆಲದ ಮೇಲೆ ಉರುಳಿಸುವುದು, ಆಮೇಲೆ ಎರಡು ಹೆಜ್ಜೆ ದೂರದಿಂದ ಮೆಲ್ಲಗೆ ಎಸೆಯುವುದು. ಶುರುವಿನಲ್ಲಿ ಎಲ್ಲರೂ ಚೆಂಡನ್ನು ಎದೆಗೆ ಅವುಚಿಕೊಳ್ಳುತ್ತಾರೆ. ಬಿಡಿ, ಅವುಚಿಕೊಳ್ಳಲಿ. ಬರೀ ಅಂಗೈಯಲ್ಲಿ ಹಿಡಿಯುವುದು ಸುಮಾರಾಗಿ 5 ದಾಟಿದ ಮೇಲಿನ ಮಾತು.

ಎಸೆಯುವುದರಲ್ಲೂ ನಾನು ಎಡವಿದ್ದೆ. ಬಕೆಟ್ ಹತ್ತಿರ ಇಟ್ಟು ಅದರೊಳಗೆ ಹಾಕಿ ಅನ್ನುತ್ತಿದ್ದೆ. ಗುರಿ ಹತ್ತಿರ ಇದ್ದರೆ ಮಗು ಎಸೆಯುವುದೇ ಇಲ್ಲ, ಸುಮ್ನೆ ತಳ್ಳುತ್ತದೆ. ಮೈ ತಿರುಗುವುದಿಲ್ಲ, ಕಾಲು ಮುಂದೆ ಬರುವುದಿಲ್ಲ. ಈಗ ಬಟ್ಟೆ ಚೆಂಡನ್ನು ನೀರಿಗೆ ಅದ್ದಿ, ಹಿಂಡಿ ಕೊಡುತ್ತೇನೆ. "ದೂರದ ಗೋಡೆಗೆ ಜೋರಾಗಿ ಹೊಡೀರಿ, ಯಾರ ಗುರುತು ಎತ್ತರದಲ್ಲಿ ಬೀಳುತ್ತೆ ನೋಡೋಣ." ಗೋಡೆಯ ಮೇಲೆ ಒದ್ದೆ ಗುರುತು ಮೂಡುತ್ತದೆ. ಅದಕ್ಕೆ ಅವರು ಹೊಡೆಯುವುದು ನೋಡಬೇಕು! ಬಲಗೈಯಲ್ಲಿ ಎಸೆದರೆ ಎಡಗಾಲು ಮುಂದೆ ಬರಬೇಕು. ಚಿಕ್ಕವರು ಅದೇ ಬದಿಯ ಕಾಲನ್ನು ಮುಂದಿಡುತ್ತಾರೆ, ಇಲ್ಲವೇ ಎರಡೂ ಕಾಲು ಊರಿ ನಿಲ್ಲುತ್ತಾರೆ. ಎಡ ಬಲ ಅಂದರೆ ಅವರಿಗೆ ಗಲಿಬಿಲಿ. ಹಾಗಾಗಿ ಎಡಗಾಲಿಗೆ ಒಂದು ಬಣ್ಣದ ದಾರ ಕಟ್ಟಿ, ಸೀಮೆಸುಣ್ಣದಲ್ಲಿ ಮುಂದೆ ಒಂದು ವೃತ್ತ ಬರೆದೆ. ದಾರದ ಕಾಲು ವೃತ್ತದೊಳಗೆ. ಎಡಗೈಯವರು ಇಬ್ಬರಿದ್ದರು, ಅವರಿಗೆ ಬಲಗಾಲಿಗೆ ದಾರ.

ಜಿಗಿತದ ವಿಷಯ ಬೇಗ ಹೇಳಿಬಿಡುತ್ತೇನೆ. ಮೊದಲು ಇಳಿಯುವುದನ್ನು ಕಲಿಸಿ. ಅರ್ಧ ಅಡಿ ಎತ್ತರದ ಮೆಟ್ಟಿಲಿನಿಂದ, ಬೆಕ್ಕಿನ ಹಾಗೆ ಸದ್ದಿಲ್ಲದೆ ಇಳಿಯಬೇಕು ಅಂದರೆ ಸಾಕು. ಸದ್ದು ಬರಬಾರದು ಅಂದಾಗ ಮಂಡಿ ತಾನಾಗೇ ಬಗ್ಗುತ್ತದೆ. "ಮಂಡಿ ಬಗ್ಗಿಸು" ಅಂದರೆ ಇಳಿದಾದ ಮೇಲೆ ಬಗ್ಗಿಸಿ ತೋರಿಸುತ್ತಾರೆ.

ಸಮತೋಲಕ್ಕೆ ನನ್ನ ನೆಚ್ಚಿನ ಸಾಮಾನು ರಂಗೋಲಿ ಪುಡಿ. ಅಂಗಳದಲ್ಲಿ ಒಂದು ನೇರ ಗೆರೆ, ಒಂದು ಹಾವಿನಂಥ ಗೆರೆ. ಬರಿಗಾಲಲ್ಲಿ ಅದರ ಮೇಲೆ ನಡೆಯಬೇಕು. ಪುಡಿ ಎಲ್ಲಿ ಕದಡಿದೆ, ಎಲ್ಲಿ ಹಾಗೇ ಉಳಿದಿದೆ ಅಂತ ನೋಡಿದರೆ ಮಗು ಎಲ್ಲಿ ವಾಲಿತು ಅಂತ ಗೊತ್ತಾಗುತ್ತದೆ. ಕಾಲು ನೋಡಿಕೊಂಡು ನಡೆಯುವವರೇ ಜಾಸ್ತಿ ತಪ್ಪುತ್ತಾರೆ. ಎದುರಿಗೆ ನಮ್ಮ ಸಹಾಯಕಿ ಅಕ್ಕ ಮಡಕೆ ಮುಚ್ಚಳ ಹಿಡಿದು ನಿಲ್ಲುತ್ತಾರೆ, ಅದನ್ನು ನೋಡುತ್ತಾ ಬರಬೇಕು.

ಕುಂಟೆಬಿಲ್ಲೆ 3 ವರ್ಷದವರಿಗೆ ಆಗುವುದಿಲ್ಲ. ಮೊದಲು ಗೋಡೆಗೆ ಒಂದೇ ಬೆರಳು ತಾಗಿಸಿ ಕೊಕ್ಕರೆಯ ಹಾಗೆ ನಿಲ್ಲಿಸುತ್ತೇನೆ. ಒಂಟಿಕಾಲಿನ ಒಂದು ನೆಗೆತ 4ರ ಆಸುಪಾಸಿನಲ್ಲಿ ಬರುತ್ತದೆ. ಅಕ್ಕಂದಿರು ಬರೆದ ದೊಡ್ಡ ಮನೆಗಳಲ್ಲಿ ಸೋತು ಸೋತು ಚಿಕ್ಕವರು ಆಟವನ್ನೇ ಬಿಡುತ್ತಿದ್ದರು. ಅವರಿಗೆ ಪಕ್ಕದಲ್ಲೇ ಮೂರು ಪುಟ್ಟ ಮನೆ ಬರೆದುಕೊಟ್ಟೆ. ಇನ್ನೊಂದು ಕಾಲಿನ ಸರದಿಯನ್ನು ನಾವೇ ನೆನಪಿಸಬೇಕು. ಇಲ್ಲದಿದ್ದರೆ ತಮಗೆ ಬರುವ ಕಾಲಲ್ಲೇ ಕುಂಟುತ್ತಿರುತ್ತಾರೆ.

ಒಂದು ಸಲ ಮಾತ್ರ ಆಟ ನಿಲ್ಲಿಸಿ ಗಾಬರಿಪಟ್ಟೆ. ಒಬ್ಬ ಹುಡುಗ ನೆಲದಿಂದ ಏಳುವಾಗಲೆಲ್ಲ ಕೈಯನ್ನು ಮಂಡಿಗೆ, ತೊಡೆಗೆ ಊರಿ, ತನ್ನ ಮೈಯನ್ನೇ ಹತ್ತಿದ ಹಾಗೆ ಏಳುತ್ತಿದ್ದ. ಸೋಮಾರಿ ಅಂದುಕೊಂಡಿದ್ದೆ, ಈಗ ನೆನೆದರೆ ನಾಚಿಕೆ. ಸ್ನಾಯುಗಳ ಶಕ್ತಿ ಕುಂದಿದಾಗ ಮಕ್ಕಳು ಹೀಗೆ ಏಳುತ್ತಾರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರುತ್ತದಲ್ವಾ, ಅವರಿಗೆ ತೋರಿಸಿದೆ. ಅವರು ದೊಡ್ಡಾಸ್ಪತ್ರೆಗೆ ಕಳಿಸಿದರು. ಅಂಥದ್ದು ರಂಗೋಲಿ ಗೆರೆಯಿಂದ ಸರಿಹೋಗುವುದಿಲ್ಲ.

ಇಷ್ಟೆಲ್ಲ ಆಗುವಾಗ ಒಬ್ಬ ಅಜ್ಜಿ ದಿನಾ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಟೀಚ್ರಮ್ಮ, ಅಕ್ಸರ ಹೇಳ್ಕೊಡಿ ಅಂತ ಕಳ್ಸುದ್ರೆ ಐಕ್ಳ ಕುಣುಸ್ತಾ ಇದ್ದೀರಲ್ಲ?" ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 3-4 ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಬೇಕು, ಅದರಲ್ಲಿ 60 ನಿಮಿಷ ಏದುಸಿರು ಬರುವಂತೆ ಆಡಬೇಕು ಅಂದಿದೆ. ಅಜ್ಜಿಗೆ ಆ ಲೆಕ್ಕ ಹೇಳಿದರೆ ನಡೆಯುತ್ತಾ? ಅವರ ಮೊಮ್ಮಗ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು, ಭುಜದಿಂದ ಗೀಚುತ್ತಿದ್ದ. ಭುಜ ಗಟ್ಟಿಯಾಗದೆ, ಬೆರಳಿಗೆ ಕಸುವು ಬರದೆ ಅ ಆ ಇ ಈ ಬರೆ ಅಂದರೆ ಕೈ ನೋವಷ್ಟೇ ಬರುವುದು.

ಡಿಸೆಂಬರ್ ಬಂತು, ಅವರೆಕಾಯಿ ಕಾಲ. ರಾತ್ರಿ ನೆನೆಹಾಕಿದ ಅವರೆಕಾಳು ಒಂದಿಷ್ಟು ತಂದುಕೊಡಿ ಅಂತ ಅಜ್ಜಿಯನ್ನೇ ಕೇಳಿದೆ. ತಂದರು. 5 ದಾಟಿದವರನ್ನು ಮಾತ್ರ ಸುತ್ತ ಕೂರಿಸಿದೆ. ಚಿಕ್ಕವರಾದರೆ ಮೂಗಿಗೆ ತುರುಕಿಕೊಳ್ಳುತ್ತಾರೆ, ಅನುಭವದಿಂದ ಹೇಳುತ್ತಿದ್ದೇನೆ. ಹೆಬ್ಬೆರಳು, ತೋರುಬೆರಳ ನಡುವೆ ಕಾಳು ಹಿಡಿದು ಹಿತುಕಬೇಕು. ಜಾಸ್ತಿ ಒತ್ತಿದರೆ ಬೇಳೆ ಹಾರಿಹೋಗುತ್ತದೆ, ಕಡಿಮೆ ಒತ್ತಿದರೆ ಸಿಪ್ಪೆ ಬಿಡುವುದಿಲ್ಲ. ಆ ಹದವನ್ನು ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಮೊಮ್ಮಗನ ಮೊದಲ ಬೇಳೆ ಅಜ್ಜಿಯ ಸೆರಗಿಗೆ ಹಾರಿತು, ಎರಡನೆಯದು ಗೋಡೆಗೆ. ಹತ್ತನೆಯದೋ ಏನೋ ಬಟ್ಟಲಿಗೆ ಬಿತ್ತು. ಅಜ್ಜಿ ಬಾಗಿಲು ಬಿಟ್ಟು ಒಳಗೆ ಬಂದು, ಅವನ ಪಕ್ಕ ಕೂತು, ಬೆರಳು ಹೇಗೆ ಇಡಬೇಕು ಅಂತ ತೋರಿಸತೊಡಗಿದರು.

ಊಟದ ಹೊತ್ತಿಗೆ ಒಂದು ಬಟ್ಟಲು ಬೇಳೆ ಆಗಿತ್ತು. ಅಜ್ಜಿ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದ್ದರು. "ಮನೇಲಿ ಇನ್ನೊಂದ್ ಸೇರು ನೆನಾಕಿವ್ನಿ ಟೀಚ್ರಮ್ಮ, ನಾಳೀಕೂ ತತ್ತೀನಿ ಬುಡಿ."