ಕರಾವಳಿಯಲ್ಲಿ ಸ್ಪೋರ್ಟ್ಸ್ ಕಾರು ಇಪ್ಪತ್ತು ವರ್ಷ ಬಾಳಬೇಕಾದರೆ

ಮಂಗಳೂರು, ಉಡುಪಿ ಕಡೆ ಸ್ಪೋರ್ಟ್ಸ್ ಕಾರು ಓಡಿ ಓಡಿ ಹಾಳಾಗುವುದು ಕಡಿಮೆ, ಒದ್ದೆಯಲ್ಲಿ ನಿಂತು ಹಾಳಾಗುವುದೇ ಹೆಚ್ಚು. ಆಸೆಪಟ್ಟು ಕೊಂಡ ಕಾರಿಗೆ ಟರ್ಪಾಲು ಹೊದಿಸಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನಲ್ಲಿ ನಿಲ್ಲಿಸಿ, ನವರಾತ್ರಿ ಹೊತ್ತಿಗೆ ತೆಗೆದು ನೋಡಿದರೆ ಬ್ರೇಕ್ ಡಿಸ್ಕ್ ಕೆಂಪಾಗಿರುತ್ತದೆ, ಸೀಟಿನ ಮೇಲೆ ಬೂಷ್ಟು ಹಿಡಿದಿರುತ್ತದೆ, ಬ್ಯಾಟರಿ ಸತ್ತಿರುತ್ತದೆ. ಓಡಿಸದೆ ಜೋಪಾನ ಮಾಡುತ್ತೇನೆ ಎನ್ನುವ ಲೆಕ್ಕ ಈ ಊರಿನ ಹವೆಯಲ್ಲಿ ನಡೆಯುವುದಿಲ್ಲ. ಒಣಗಿಸಿ ಇಡಬೇಕು, ವಾರಕ್ಕೊಮ್ಮೆ ಓಡಿಸಬೇಕು. ಈ ಎರಡನ್ನು ಮಾಡುವವರ ಹತ್ತಿರವೇ ಒಂದೇ ಕಾರು ವರ್ಷಗಟ್ಟಲೆ ಉಳಿಯುತ್ತದೆ.

ಮೊದಲು ಉಪ್ಪು

ಸಮುದ್ರದ ಗಾಳಿ ತರುವ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡ್ ಮಾತ್ರವಲ್ಲ, ಮೆಗ್ನೀಸಿಯಂ ಕ್ಲೋರೈಡ್ ಕೂಡ ಇದೆ. ಗಾಳಿಯ ತೇವಾಂಶ ಶೇ. 35ರ ಆಸುಪಾಸು ದಾಟಿದರೆ ಸಾಕು, ಅದು ನೀರು ಹೀರಿಕೊಂಡು ಉಕ್ಕಿನ ಮೇಲೆ ಕಣ್ಣಿಗೆ ಕಾಣದ ಪಸೆ ಹಿಡಿಸುತ್ತದೆ. ಕರಾವಳಿಯಲ್ಲಿ ಬೇಸಿಗೆಯಲ್ಲೂ ತೇವಾಂಶ ಸಾಮಾನ್ಯವಾಗಿ ಅದಕ್ಕಿಂತ ಮೇಲೆಯೇ ಇರುತ್ತದೆ. ಹಾಗಾಗಿ ಉಪ್ಪು ಕೂತಲ್ಲಿ ವರ್ಷವಿಡೀ ತುಕ್ಕು ಕೆಲಸ ಮಾಡುತ್ತಲೇ ಇರುತ್ತದೆ. ಕಾರಿನ ಮೇಲ್ಮೈಗೆ ಎಷ್ಟೇ ದುಬಾರಿ ಸೆರಾಮಿಕ್ ಕೋಟಿಂಗ್ ಮಾಡಿಸಿದರೂ ಅಡಿಯ ಉಪ್ಪು ತೊಳೆಯದಿದ್ದರೆ ಪ್ರಯೋಜನವಿಲ್ಲ.

ಮರವಂತೆ, ಮಲ್ಪೆ, ಕಾಪು, ಪಣಂಬೂರು, ಸುರತ್ಕಲ್ ಕಡೆ ಕಡಲ ಪಕ್ಕ ಸುತ್ತಿ ಬಂದ ದಿನವೇ ಅಡಿಭಾಗ ತೊಳೆಯಿರಿ. ಬಂದ ಕೂಡಲೇ ಬೇಡ. ಬಿಸಿಯಿರುವ ಡಿಸ್ಕಿಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗಿ ಬ್ರೇಕ್ ಹಿಡಿದಾಗ ಸ್ಟಿಯರಿಂಗ್ ನಡುಗಲು ಶುರುವಾಗುತ್ತದೆ. ಅರ್ಧ ಗಂಟೆ ಆರಲು ಬಿಡಿ. ತೋಟಕ್ಕೆ ನೀರು ಬಿಡುವ ಸಾದಾ ಪೈಪು ಸಾಕು: ನಾಲ್ಕೂ ಚಕ್ರದ ಕಮಾನಿನ ಒಳಗೆ, ಹಿಂದಿನ ಸಸ್ಪೆನ್ಶನ್ ತೋಳುಗಳ ಮೇಲೆ, ಬಾಗಿಲ ಕೆಳಗಿನ ಸಿಲ್ ಉದ್ದಕ್ಕೂ, ಒಂದೊಂದು ಕಡೆ ಎರಡು ಮೂರು ನಿಮಿಷ. ಪ್ರೆಶರ್ ವಾಷರ್ ಬಳಸುವುದಾದರೆ ಒಂದು ಅಡಿಗಿಂತ ಹತ್ತಿರ ಹಿಡಿಯಬೇಡಿ, ವೀಲ್ ಬೇರಿಂಗಿನ ಸೀಲ್ ದಾಟಿ ನೀರು ಒಳಗೆ ಹೋಗುತ್ತದೆ. ಕಡಲಿಗೆ ಹತ್ತಿರದ ಮನೆಗಳ ಬೋರ್‌ವೆಲ್ ನೀರು ಏಪ್ರಿಲ್, ಮೇ ತಿಂಗಳಲ್ಲಿ ಉಪ್ಪಾಗುವುದುಂಟು. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿ. 300 ದಾಟಿದರೆ ಬಾವಿ ನೀರು ಅಥವಾ ಹಿಡಿದಿಟ್ಟ ಮಳೆನೀರೇ ಒಳ್ಳೆಯದು. ತೊಳೆದ ಮೇಲೆ ಐದು ಕಿಲೋಮೀಟರ್ ಓಡಿಸಿ, ದಾರಿಯಲ್ಲಿ ನಾಲ್ಕೈದು ಸಲ ಗಟ್ಟಿಯಾಗಿ ಬ್ರೇಕ್ ಹಿಡಿದು ಡಿಸ್ಕ್ ಒಣಗಿಸಿ. ತೊಳೆದು ಹಾಗೇ ಶೆಡ್ಡಿಗೆ ಹಾಕುವುದು ತೊಳೆಯದಿರುವಷ್ಟೇ ಕೆಟ್ಟದ್ದು.

ಅಡಿಭಾಗದ ಕೆಲಸ ಜನವರಿಯಿಂದ ಮಾರ್ಚ್ ಒಳಗೆ

ಮಳೆ ಹತ್ತಿರ ಬಂದಾಗ ಗ್ಯಾರೇಜಿಗೆ ಓಡಿ ಅಂಡರ್‌ಬಾಡಿ ಕೋಟಿಂಗ್ ಹೊಡೆಸುವುದು ನಮ್ಮಲ್ಲಿ ರೂಢಿ. ತುಕ್ಕಿನ ಮೇಲೆ, ತೇವದ ಮೇಲೆ ಕಪ್ಪು ರಬ್ಬರ್ ಕೋಟಿಂಗ್ ಬಿದ್ದರೆ ಅದು ನೀರನ್ನು ಒಳಗೇ ಹಿಡಿದಿಡುತ್ತದೆ. ಹೊರಗೆ ನೋಡಲು ಚೆನ್ನಾಗಿಯೇ ಇರುತ್ತದೆ, ಮೂರು ವರ್ಷದ ನಂತರ ಸ್ಕ್ರೂಡ್ರೈವರ್ ಒತ್ತಿದರೆ ತಗಡು ತೂತಾಗುತ್ತದೆ. ತುಕ್ಕು ಹಿಡಿದ ಹಳೆ ಕಾರಿಗೆ ಇದಕ್ಕಿಂತ ದೊಡ್ಡ ಅಪಚಾರವಿಲ್ಲ.

ಸರಿಯಾದ ಕ್ರಮ ಹೀಗೆ. ಕಾರನ್ನು ಲಿಫ್ಟಿನಲ್ಲಿ ಎತ್ತಿ, ಚಕ್ರದ ಕಮಾನಿನ ಪ್ಲಾಸ್ಟಿಕ್ ಲೈನರ್‌ಗಳನ್ನು ಬಿಚ್ಚಿ ತೊಳೆದು, ಎರಡು ಮೂರು ದಿನ ಬಿಸಿಲಿಗೆ ಒಣಗಲು ಬಿಡಿ. ಜ್ಯಾಕ್ ಕೊಡುವ ಜಾಗ, ಹಿಂಚಕ್ರದ ಕಮಾನಿನ ಅಂಚು, ಬ್ಯಾಟರಿ ತಟ್ಟೆಯ ಅಡಿ, ಸ್ಟೆಪ್ನಿ ಗುಂಡಿ, ಸಸ್ಪೆನ್ಶನ್ ಕೂರುವ ಹಿಂದಿನ ಸಬ್‌ಫ್ರೇಮಿನ ವೆಲ್ಡಿಂಗ್ ಗೆರೆಗಳು, ಈ ಐದು ಕಡೆ ಮೊದಲು ನೋಡಿ. ಕಾರ್ಪೆಟ್ ಎತ್ತಿ ನೆಲದ ತಗಡನ್ನೂ ನೋಡಿ. ತುಕ್ಕು ಒಳಗಿನಿಂದ ಶುರುವಾಗುವುದೂ ಇದೆ. ಸಿಕ್ಕ ತುಕ್ಕನ್ನು ವೈರ್ ಬ್ರಷ್‌ನಲ್ಲಿ ಹೊಳೆಯುವ ಲೋಹ ಬರುವವರೆಗೆ ಉಜ್ಜಿ, ಬ್ರಷ್ ಹೋಗದ ಗುಳಿಗಳಿಗೆ ತುಕ್ಕನ್ನು ಗಟ್ಟಿ ಪದರವಾಗಿಸುವ ರಸ್ಟ್ ಕನ್ವರ್ಟರ್ ಹಚ್ಚಿ, ಅದು ಪೂರ್ತಿ ಕಪ್ಪಾಗಿ ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್ ಎರಡು ಕೋಟ್, ಆಮೇಲೆ ಬಣ್ಣ. ಕೊನೆಯಲ್ಲಿ ಸಿಲ್, ಬಾಗಿಲು, ಚಾಸಿ ತೊಲೆಗಳ ಪೊಳ್ಳಿನೊಳಗೆ ತುಕ್ಕು ತಡೆಯುವ ಮೇಣ, ಅಂದರೆ ಕ್ಯಾವಿಟಿ ವ್ಯಾಕ್ಸ್. ತುದಿಯಲ್ಲಿ ಸುತ್ತಲೂ ಚಿಮ್ಮುವ ನಾಜಲ್ ಇರುವ ಉದ್ದ ನಳಿಗೆಯನ್ನು ಕೊನೆಯವರೆಗೆ ತೂರಿಸಿ, ಒತ್ತಿಕೊಂಡೇ ನಿಧಾನ ಹೊರಗೆಳೆಯಬೇಕು. ಎರಡು ಸೀಟಿನ ಸಣ್ಣ ಕಾರಿಗೆ 500 ಮಿಲಿಲೀಟರ್‌ನ ನಾಲ್ಕರಿಂದ ಆರು ಡಬ್ಬ ಹಿಡಿಯುತ್ತದೆ. ಸೈಲೆನ್ಸರ್, ಡಿಸ್ಕ್, ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಮೇಲೆ ಬೀಳದಂತೆ ಮುಚ್ಚಿಕೊಳ್ಳಿ. ವ್ಯಾಕ್ಸ್ ಇಳಿದು ನಿಂತ ಮೇಲೆ ಸಿಲ್ ಅಡಿಯ ನೀರಿಳಿಯುವ ತೂತುಗಳಿಗೆ ಕೇಬಲ್ ಟೈ ಚುಚ್ಚಿ ಬಿಡಿಸಿ. ಈ ಒಂದು ಕೆಲಸ ಮರೆತರೆ ಸಿಲ್ ಒಳಗೆ ನೀರು ತುಂಬಿಕೊಳ್ಳುತ್ತದೆ. ಎರಡು ವರ್ಷಕ್ಕೊಮ್ಮೆ ವ್ಯಾಕ್ಸ್ ಮತ್ತೆ ಹಾಕಬೇಕು.

ಉಕ್ಕಿನ ಬ್ರೇಕ್ ಪೈಪುಗಳು ಹೊಪ್ಪಳೆ ಎದ್ದಿದ್ದರೆ ಉಜ್ಜಿ ಬಣ್ಣ ಬಳಿಯಬೇಡಿ, ಬದಲಿಸಿ. ತಾಮ್ರ-ನಿಕ್ಕಲ್ ಮಿಶ್ರಲೋಹದ 4.75 ಮಿಲಿಮೀಟರ್ ಪೈಪು ಹಾಕಿಸಿದರೆ ಮತ್ತೆ ತುಕ್ಕಿನ ಚಿಂತೆ ಇಲ್ಲ.

ಮೇಲ್ಛಾವಣಿಯ ನೀರು ಎಲ್ಲಿಗೆ ಹೋಗುತ್ತದೆ

ಮಡಚುವ ಬಟ್ಟೆ ಛಾವಣಿಯ ಕಾರುಗಳಲ್ಲಿ ಮಳೆನೀರು ಛಾವಣಿಯ ಬುಡದ ಕಾಲುವೆಗೆ ಇಳಿದು ರಬ್ಬರ್ ನಳಿಗೆಯಲ್ಲಿ ಹೊರಗೆ ಹೋಗುತ್ತದೆ. ಹುಣಸೆ, ಗುಲ್‌ಮೊಹರ್ ಮರದಡಿ ಒಂದು ವಾರ ನಿಂತರೆ ಸಾಕು, ಸಣ್ಣ ಎಲೆಗಳು ಕೆಂಪು ಮಣ್ಣಿನೊಂದಿಗೆ ಸೇರಿ ನಳಿಗೆ ಕಟ್ಟಿಹೋಗುತ್ತದೆ. ಆಮೇಲೆ ನೀರು ಒಳಗೇ ಇಳಿಯುತ್ತದೆ. ಮೊದಲ ತಲೆಮಾರಿನ ಬಿಎಂಡಬ್ಲ್ಯೂ ಝಡ್4ನಲ್ಲಿ ಛಾವಣಿ ಎತ್ತುವ ಮೋಟಾರು ಈ ನೀರಿನಲ್ಲೇ ಮುಳುಗಿ ಸುಟ್ಟುಹೋಗುತ್ತದೆ. ಹಳೆಯ ಪೋರ್ಷ ಬಾಕ್ಸ್‌ಸ್ಟರ್‌ನಲ್ಲಿ ಸೀಟಿನಡಿಯ, ಕಳ್ಳತನ ತಡೆಯುವ ಇಮೊಬಿಲೈಸರ್ ಪೆಟ್ಟಿಗೆಗೆ ನೀರು ಹೋಗಿ ಗಾಡಿ ಸ್ಟಾರ್ಟೇ ಆಗುವುದಿಲ್ಲ. ಎರಡೂ ರಿಪೇರಿ ದೊಡ್ಡ ಮೊತ್ತದ್ದು, ತಪ್ಪಿಸುವ ಕೆಲಸ ಹತ್ತು ನಿಮಿಷದ್ದು. ಮೇ ಕೊನೆಗೊಮ್ಮೆ, ಆಟಿ ತಿಂಗಳಲ್ಲೊಮ್ಮೆ (ಜುಲೈ-ಆಗಸ್ಟ್) ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರವನ್ನು ನಳಿಗೆಯೊಳಗೆ ತಿರುಗಿಸುತ್ತಾ ತೂರಿಸಿ, ಒಂದು ಲೋಟ ನೀರು ಬಿಟ್ಟು ಅದು ಚಕ್ರದ ಹಿಂದೆ ನೆಲಕ್ಕೆ ಬೀಳುವುದನ್ನು ಕಣ್ಣಾರೆ ನೋಡಿ. ಕಬ್ಬಿಣದ ತಂತಿ ನಳಿಗೆಯನ್ನು ತೂತು ಮಾಡುತ್ತದೆ, ಕಂಪ್ರೆಸರ್ ಗಾಳಿ ಅದನ್ನು ಜೋಡಣೆಯಿಂದ ಕಳಚುತ್ತದೆ, ಎರಡೂ ಬೇಡ. ಸನ್‌ರೂಫ್ ಇರುವ ಕಾರಿಗೂ ಇದೇ ಮಾತು.

ಮಳೆಗಾಲದ ಶೆಡ್ಡು

ತೆಂಗಿನ ಮರದಡಿ ಶೆಡ್ಡು ಬೇಡ. ಸಿಮೆಂಟ್ ಶೀಟನ್ನು ಕಾಯಿ ಒಡೆದುಕೊಂಡೇ ಬರುತ್ತದೆ. ಮುರಕಲ್ಲಿನ ಗೋಡೆ, ಮಣ್ಣಿನ ನೆಲದ ಶೆಡ್ಡಿನಲ್ಲಿ ತೇವ ಕೆಳಗಿನಿಂದ ಬರುತ್ತದೆ. ನೆಲಕ್ಕೆ 200 ಮೈಕ್ರಾನ್ ದಪ್ಪದ ಪಾಲಿಥೀನ್ ಹಾಸಿ, ಅದರ ಮೇಲೆ ರಬ್ಬರ್ ಮ್ಯಾಟ್ ಹಾಕಿ ಕಾರು ನಿಲ್ಲಿಸಿ. ಎದುರುಬದುರು ಗಾಳಿ ಆಡಲು ಜಾಲರಿ ಕಿಟಕಿ ಇರಲಿ. ಟರ್ಪಾಲು, ಪ್ಲಾಸ್ಟಿಕ್ ಕವರ್ ಎರಡೂ ಬೇಡ, ಒಳಗಿನ ಆವಿ ಹೊರಗೆ ಹೋಗದೆ ಪೇಂಟಿನ ಮೇಲೆ ಬೆವರಿ ಗುಳ್ಳೆ ಎಬ್ಬಿಸುತ್ತದೆ. ಗಾಳಿಯಾಡುವ ಹತ್ತಿಯ ಕವರ್ ಸಾಕು. ಬಾಗಿಲು ಮುಚ್ಚಿ ಭದ್ರವಾಗುವ ಗ್ಯಾರೇಜು ಇದ್ದರೆ ದಿನಕ್ಕೆ 20 ಲೀಟರ್ ಹೀರುವ ಡಿಹ್ಯೂಮಿಡಿಫೈಯರ್ ಇಟ್ಟು ತೇವಾಂಶವನ್ನು ಶೇ. 55ರ ಒಳಗೆ ಹಿಡಿಯಿರಿ. ಗಾಳಿಯಾಡುವ ಶೆಡ್ಡಿಗೆ ಅದು ದಂಡ, ಹೊರಗಿನ ಮಳೆಗಾಳಿಯನ್ನೇ ಹೀರುತ್ತಾ ಕೂರುತ್ತದೆ.

ಕಾರಿನೊಳಗೆ ಸಿಲಿಕಾ ಜೆಲ್ ಒಂದೆರಡು ಕಿಲೋ ಬಟ್ಟೆಚೀಲದಲ್ಲಿ ಇಡಿ, ಬಣ್ಣ ಬದಲಾದಾಗ ಓವನ್‌ನಲ್ಲಿ ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಸಬಹುದು. ಕಪಾಟಿನಲ್ಲಿಡುವ ಡಬ್ಬಿಗಳಲ್ಲಿ ಇರುವುದು ಕ್ಯಾಲ್ಸಿಯಂ ಕ್ಲೋರೈಡ್. ತೇವ ಹೀರಿ ಕರಗಿ ಉಪ್ಪುನೀರಾಗುತ್ತದೆ. ಅದು ಮಗುಚಿದರೆ ಸೀಟಿನ ರೈಲು, ವೈರಿಂಗ್ ಕನೆಕ್ಟರ್ ಎಲ್ಲವನ್ನೂ ತಿನ್ನುತ್ತದೆ. ಕಾರಿಗೆ ಅದನ್ನು ತರಲೇಬೇಡಿ. ಅದೇ ಶೆಡ್ಡಿನಲ್ಲಿ ಕೊಬ್ಬರಿ ಚೀಲ, ಕೋಳಿ ಆಹಾರ ಇಟ್ಟರೆ ಇಲಿ ಬರುತ್ತದೆ, ಇಲಿ ಬಂದರೆ ವೈರಿಂಗ್ ಹೋಗುತ್ತದೆ. ಅಲ್ಲಿ ಬೇರೇನೂ ಇಡದಿರುವುದೇ ಮದ್ದು.

ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಬೇಡಿ, ಒಂದೇ ವಾರದಲ್ಲಿ ಲೈನರ್ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಮರದ ತುಂಡು ಕೊಡಿ.

ಬ್ಯಾಟರಿ ಲೆಕ್ಕ ಸುಲಭ. ನಿಂತ ಕಾರು ಅಲಾರಂ, ಗಡಿಯಾರಕ್ಕೆಂದು ಸುಮಾರು 30 ಮಿಲಿಆಂಪಿಯರ್ ಎಳೆಯುತ್ತದೆ. ದಿನಕ್ಕೆ 0.72 ಆಂಪಿಯರ್-ಅವರ್, ತಿಂಗಳಿಗೆ 21.6. 45 ಆಂಪಿಯರ್-ಅವರ್ ಬ್ಯಾಟರಿ ತಿಂಗಳಲ್ಲಿ ಅರ್ಧ ಖಾಲಿ. ಮೀಟರಿನಲ್ಲಿ 12.6 ವೋಲ್ಟ್ ಇದ್ದರೆ ತುಂಬಿದೆ, 12.2ಕ್ಕೆ ಇಳಿದರೆ ಅರ್ಧ; ಅಲ್ಲಿಂದ ಕೆಳಗೆ ಹಾಗೇ ಬಿಟ್ಟರೆ ಪ್ಲೇಟಿಗೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ತುಂಬಿದಾಗ ತಾನೇ ಇಳಿಸಿಕೊಳ್ಳುವ ಮೇಂಟೇನರ್ ಚಾರ್ಜರ್ ಹಾಕಿಡಿ.

ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಅಪಾಯಕಾರಿ ಅಭ್ಯಾಸ. ಪೆಟ್ರೋಲು ಉರಿದಾಗ ನೀರಾವಿ ಬರುತ್ತದೆ. ಬಿಸಿಯಾಗದ ಸೈಲೆನ್ಸರಿನಲ್ಲೂ ಎಂಜಿನ್ ಆಯಿಲ್‌ನಲ್ಲೂ ಅದು ನೀರಾಗಿ ಉಳಿಯುತ್ತದೆ. ಆಯಿಲ್ ಮುಚ್ಚಳದ ಒಳಗೆ ಕೆನೆಯಂತೆ ಬಿಳಿ ಪಸೆ ಕಂಡರೆ ಇದೇ ಕಾರಣ ಇರಬಹುದು, ಕೂಲಂಟ್ ಮಟ್ಟವನ್ನೂ ನೋಡಿ ಖಚಿತ ಮಾಡಿಕೊಳ್ಳಿ. ಮಳೆ ಬಿಟ್ಟ ಹೊತ್ತು ನೋಡಿ ಅರ್ಧ ಗಂಟೆ, 25 ಕಿಲೋಮೀಟರ್‌ನಷ್ಟು ಓಡಿಸಿ, ಎಸಿ ಹಾಕಿಯೇ. ಜೋರು ಮಳೆಯಲ್ಲಿ ಮಂಗಳೂರಿನ ಕೊಟ್ಟಾರ ಚೌಕಿಯಂಥ ನೀರು ನಿಲ್ಲುವ ಜಾಗಕ್ಕೆ ಹೋಗಬೇಡಿ. ಸ್ಪೋರ್ಟ್ಸ್ ಕಾರುಗಳ ಗಾಳಿ ಎಳೆಯುವ ಬಾಯಿ ಬಂಪರಿನಷ್ಟೇ ಕೆಳಗಿರುವುದುಂಟು. ಸಿಲಿಂಡರಿಗೆ ನೀರು ಹೋದರೆ ಅದನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸೆಲ್ಫ್ ಹೊಡೆಯದೆ ಎಳೆಸಿಕೊಂಡು ಹೋಗಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ನೀರು ತೆಗೆಸಿ.

ಕಾಗದಪತ್ರ, ಬಿಡಿಭಾಗ

ಖಾಸಗಿ ಕಾರಿನ ನೋಂದಣಿ ಪತ್ರ (ಆರ್‌ಸಿ) 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಅರ್ಜಿ ನಮೂನೆ 25, ಅವಧಿ ಮುಗಿಯುವ ಮೊದಲಿನ 60 ದಿನದೊಳಗೆ. ಹೊರದೇಶದಿಂದ ತರಿಸಿದ ಕಾರಿಗೆ ಶುಲ್ಕ ಬಹಳ ಹೆಚ್ಚು, ಮೊದಲೇ ಹಣ ಎತ್ತಿಡಿ. ಐದು ವರ್ಷ ದಾಟಿದ ಕಾರಿನ ಐಡಿವಿ (ವಿಮೆಯಲ್ಲಿ ನಮೂದಿಸುವ ಕಾರಿನ ಬೆಲೆ) ವಿಮಾ ಕಂಪನಿ ಮತ್ತು ನಿಮ್ಮ ನಡುವಿನ ಒಪ್ಪಂದದ ಮೊತ್ತ. ಅವರು ಕೊಟ್ಟ ಅಂಕಿಯನ್ನೇ ಒಪ್ಪದೆ ಫೋಟೊ, ಬಿಲ್ಲು ತೋರಿಸಿ ಕೇಳಿ.

ಮಾಡೆಲ್ ನಿಂತ ಮೇಲೆ ಎಂಜಿನ್ ಭಾಗ ಹೇಗಾದರೂ ಸಿಗುತ್ತದೆ. ಸಿಗದೇ ಇರುವುದು ಬಾಗಿಲ ರಬ್ಬರ್ ಬೀಡಿಂಗ್, ಹೆಡ್‌ಲೈಟ್, ಹಿಂದಿನ ದೀಪ, ಮುಂದಿನ ಗಾಜು, ಕಿಟಕಿ ಏರಿಸುವ ಯಂತ್ರ. ಇವನ್ನು ಸಿಗುವಾಗಲೇ ಒಂದೊಂದು ಜೊತೆ ಕೊಂಡಿಡಿ. ಹಳೆ ಕಾರಿಗೆ ಶೇ. 20 ಎಥನಾಲ್ ಇರುವ ಪೆಟ್ರೋಲು ಹಾಕುವಾಗ ಹಳೆಯ ರಬ್ಬರ್ ನಳಿಗೆ ಬಿರಿಯುತ್ತದೆ. ಪೆಟ್ರೋಲ್ ನಳಿಗೆಗಳನ್ನು ಎಸ್‌ಎಇ ಜೆ30 ಆರ್9 ಗುರುತಿನವಕ್ಕೆ, ಇಂಜೆಕ್ಟರ್ ಓ-ರಿಂಗ್‌ಗಳನ್ನು ವೈಟಾನ್ ಎಂಬ ಗಟ್ಟಿ ರಬ್ಬರಿನವಕ್ಕೆ ಬದಲಿಸಿ. ಟೈರಿನ ಪಕ್ಕದ ನಾಲ್ಕಂಕಿ ನೋಡಿ: 2319 ಎಂದರೆ 2019ರ 23ನೇ ವಾರ. ಆರು ವರ್ಷ ದಾಟಿದ ಟೈರಿನಲ್ಲಿ ಗೆರೆಗಳು ಆಳವಿದ್ದರೂ ರಬ್ಬರ್ ಗಟ್ಟಿಯಾಗಿ ಒದ್ದೆ ರಸ್ತೆಯಲ್ಲಿ ಜಾರುತ್ತದೆ.

ಘಾಟಿಗೆ ಹೊರಡುವ ಮೊದಲು

ಇಷ್ಟೆಲ್ಲ ಮಾಡುವುದು ನವೆಂಬರ್‌ನ ಒಂದು ಬೆಳಿಗ್ಗೆ ಆಗುಂಬೆಯ 14 ತಿರುವು ಹತ್ತಲಿಕ್ಕೆ ಅಥವಾ ಚಾರ್ಮಾಡಿ ದಾಟಲಿಕ್ಕೆ. ಹೊರಡುವ ವಾರದಲ್ಲಿ ಬ್ರೇಕ್ ಫ್ಲೂಯಿಡ್ ಬದಲಿಸಿ. ಡಾಟ್ 4 ದರ್ಜೆಯ ಫ್ಲೂಯಿಡ್ ಹೊಸದಿದ್ದಾಗ ಕುದಿಯುವುದು ಕನಿಷ್ಠ 230 ಡಿಗ್ರಿಯಲ್ಲಿ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಅದು ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಬೇರೆ ಕಡೆ ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ನಡೆಯುತ್ತದೆ, ಇಲ್ಲಿ ಪ್ರತಿ ಮಳೆಗಾಲದ ನಂತರ. ಒಂದು ಲೀಟರ್ ಸಾಕು. ಕ್ಯಾಲಿಪರಿನ ಜಾರುಪಿನ್ ಬಿಚ್ಚಿ ಒರೆಸಿ ಸಿಲಿಕೋನ್ ಗ್ರೀಸ್ ಹಚ್ಚಿ. ಅದು ಹಿಡಿದುಕೊಂಡರೆ ಒಂದೇ ಕಡೆಯ ಪ್ಯಾಡ್ ಸವೆದು ಕಾರು ಪಕ್ಕಕ್ಕೆ ಎಳೆಯುತ್ತದೆ.

ಇಳಿಯುವಾಗ ಎರಡನೇ ಗೇರಿನಲ್ಲಿ ಇಳಿಯಿರಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬರಬೇಡಿ. ತಿರುವಿಗೆ ಮೊದಲು ಗಟ್ಟಿಯಾಗಿ ಒಮ್ಮೆ ಹಿಡಿದು ಪೂರ್ತಿ ಬಿಡಿ. ಆಗುಂಬೆ ಘಾಟಿಯ ಬುಡದ ಸೋಮೇಶ್ವರ ತಲುಪಿದ ಮೇಲೆ ಎರಡು ಮೂರು ಕಿಲೋಮೀಟರ್ ಬ್ರೇಕ್ ಮುಟ್ಟದೆ ಓಡಿಸಿ ಡಿಸ್ಕ್ ತಣಿಸಿ, ಆಮೇಲೆ ನಿಲ್ಲಿಸಿ. ಕೈ ಹತ್ತಿರ ಹಿಡಿದು ನಾಲ್ಕೂ ಚಕ್ರದ ಬಿಸಿ ನೋಡಿ, ಮುಟ್ಟಬೇಡಿ. ಎಡಬಲಗಳಲ್ಲಿ ಒಂದು ಚಕ್ರ ಇನ್ನೊಂದಕ್ಕಿಂತ ಬಹಳ ಬಿಸಿಯಿದ್ದರೆ ಆ ಕ್ಯಾಲಿಪರ್ ಹಿಡಿಯುತ್ತಿದೆ, ಮನೆಗೆ ಹೋಗುವ ಮೊದಲು ಗ್ಯಾರೇಜಿಗೆ ತೋರಿಸಿ.